ಹೇಳಿಕೆ ಇಲ್ಲದ ಒಕ್ಕಲು

ಮೂಡಬಿದಿರೆಯ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರಾಗಿರುವ ಕುಶಾಲಪ್ಪ ಗೌಡರಿಗೆ ಮನುಷ್ಯರಿಗಿಂತ ಹೆಚ್ಚು ನಂಬಿಕೆ ಇದ್ದದ್ದು ಒಂದು ಇಂಗ್ಲಿಷ್ ವಾಕ್ಯದ ಮೇಲೆ. ‘ದಿಸ್ ಈಸ್ ಟು ಇನ್‌ಫಾರ್ಮ್ ಯು ದ್ಯಾಟ್’ ಎಂದು ಶುರುವಾಗುವ ವಾಕ್ಯ ಅದು. ನಮ್ಮ ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂಬುದರ ಇಂಗ್ಲಿಷ್ ದಾಯಾದಿ. ಅದರ ಬೆನ್ನಿಗೆ ಏನನ್ನು ಬೇಕಾದರೂ ಕಟ್ಟಬಹುದು. ಪರೀಕ್ಷೆ ಮುಂದಕ್ಕೆ ಹೋಯಿತು, ಹಾಸ್ಟೆಲಿನಲ್ಲಿ ನಾಳೆ ನೀರಿಲ್ಲ, ಗಣಿತದ ಮೇಷ್ಟ್ರು ತೀರಿಕೊಂಡರು, ಎಲ್ಲದಕ್ಕೂ ಅದೇ ಆರಂಭ.

ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೆಡ್ ಕ್ಲಾರ್ಕ್ ಇದನ್ನು ಕಲಿಸಿಕೊಟ್ಟಿದ್ದರು. “ಹೀಗೆ ಬರೆದರೆ ಯಾರೂ ನಿನ್ನ ಹತ್ತಿರ ಜಗಳಕ್ಕೆ ಬರುವುದಿಲ್ಲ ಮಾರಾಯ. ಹೇಳುವವ ನೀನಲ್ಲ, ಕಾಗದ” ಎಂದಿದ್ದರು. ಅಳದಂಗಡಿಯ ಹಳ್ಳಿಯಿಂದ ಬಂದ, ನಾಲ್ಕು ಜನರ ನಡುವೆ ಬಾಯಿ ಬಿಡಲು ಬೆವರುವ ಹುಡುಗನಿಗೆ ಅದು ದೇವರು ಕೊಟ್ಟ ವರದ ಹಾಗೆ ಕಂಡಿತು. ಹೇಳಬೇಕಾದ್ದನ್ನು ಹೇಳಿಯೂ ಆಯಿತು, ಎದುರಿಗೆ ನಿಂತು ಮುಖ ನೋಡುವ ಕಷ್ಟವೂ ತಪ್ಪಿತು.

ವರ ಆಫೀಸಿನಲ್ಲಿ ಉಳಿದಿದ್ದರೆ ಚೆನ್ನಾಗಿತ್ತು. ಅದು ಅವರ ಜೊತೆ ಬಾಡಿಗೆ ಕೋಣೆಗೂ ಬಂತು. ಹಾಲು ಬೇಡದ ದಿನ ಹಾಲಿನವನಿಗೆ ಬಾಗಿಲಿಗೆ ಚೀಟಿ ಅಂಟಿಸಿದರು, ಪಾಪ, ಅವನು ಅದನ್ನು ಓದಿಸಲು ಪಕ್ಕದ ಮನೆಯವರನ್ನು ಎಬ್ಬಿಸಿದ. ವಾಟ್ಸಾಪ್ ಬಂದ ಮೇಲಂತೂ ಕೇಳುವುದೇ ಬೇಡ. ಒಮ್ಮೆ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು, ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಕುಟುಂಬದ ಗ್ರೂಪಿಗೆ ತಮಗೆ ಬಿಡುಗಡೆಯಾಗಿದೆ ಎಂದು ಅದೇ ವಾಕ್ಯದಲ್ಲಿ ತಿಳಿಸಿದರು. ಅಳದಂಗಡಿಯಲ್ಲಿ ಅಕ್ಕ ಕಾವೇರಮ್ಮ ಮಗಳ ಬಾಯಿಂದ ಅದನ್ನು ಕೇಳಿ, ತಮ್ಮ ಆಸ್ಪತ್ರೆಗೆ ಸೇರಿದ್ದೇ ಗೊತ್ತಿಲ್ಲದೆ ಹೊರಗೆ ಬಂದದ್ದು ಗೊತ್ತಾಗಿ, ಆ ದಿನ ಊಟ ಮಾಡಲಿಲ್ಲವಂತೆ.

ಕುಶಾಲಪ್ಪನವರಿಗೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಅವಲಕ್ಕಿ ತಿಂದು, ನೆಲ ನೋಡಿ, ಎದ್ದು ಬಂದರು. ತಾಯಿ ಹೋದ ಮೇಲೆ ಅಳದಂಗಡಿಗೆ ಹೋಗುವುದೂ ಕಡಿಮೆಯಾಯಿತು. ಅಕ್ಕನೊಡನೆ ಜಗಳವೇನೂ ಇರಲಿಲ್ಲ. ಜಗಳವಾಡಲಿಕ್ಕಾದರೂ ಮಾತು ಬೇಕಲ್ಲ! ಸಂಜೆ ಕೋಣೆಗೆ ಬಂದು, ಕುಚ್ಚಲಕ್ಕಿ ಗಂಜಿ ಬೇಯುವವರೆಗೆ ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಯಾರಾದರೂ ಮಾತಾಡುತ್ತಿರಲಿ ಎಂದು, ಅಷ್ಟೇ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಎರಡನೆಯದು ಕೈಗೆ ಹತ್ತದವರು ಐವತ್ತು ದಾಟಿದ ಮೇಲೆ ಮೊದಲನೆಯದಕ್ಕೆ ಕೈ ಹಾಕಿದರು. ಪೇಟೆಯಿಂದ ಸ್ವಲ್ಪ ಹೊರಗೆ ಐದು ಸೆಂಟ್ಸು ಜಾಗ, ಅದರಲ್ಲಿ ಒಂದು ಚಿಕ್ಕ ಮನೆ, ಮುಂದುಗಡೆ ಬಂದವರು ಕೂರುವ ಚಾವಡಿ. ಮೇಸ್ತ್ರಿ ಅಬ್ದುಲ್ ಶುಕೂರ್, “ಒಬ್ಬರಿಗೆ ಇಷ್ಟು ದೊಡ್ಡ ಚಾವಡಿ ಯಾಕೆ ಸಾರ್?” ಎಂದು ಕೇಳಿದ್ದಕ್ಕೆ, “ಜನ ಬರ್ತಾರಲ್ಲ” ಎಂದರು. ಯಾವ ಜನ ಎಂದು ಶುಕೂರ್ ಕೇಳಲಿಲ್ಲ.

ಒಕ್ಕಲಿನ, ಅಂದರೆ ಗೃಹಪ್ರವೇಶದ, ದಿನ ನಿಶ್ಚಯವಾಯಿತು. ಅವರ ಮನೆತನದಲ್ಲಿ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವುದು ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಅಂದರೆ ಕಾವೇರಮ್ಮ. ಅಕ್ಕ ಹಿಂದಿನ ದಿನವೇ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಡುಗೆಯವರನ್ನು ಗದರಿಸುತ್ತ ತಿರುಗಾಡುವುದನ್ನು ಕುಶಾಲಪ್ಪನವರು ಗೋಡೆ ಏಳುವ ಮೊದಲೇ ಕಣ್ಣಲ್ಲಿ ಕಂಡಿದ್ದರು. ಅವರಿಗೆ ಬೇಕಾದದ್ದು ಅದೊಂದೇ.

ನಮ್ಮ ಕಡೆಯ ರಿವಾಜು ಅವರಿಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಕಾಗದ ಎಷ್ಟು ಬಣ್ಣದ್ದಾದರೂ ಅದು ಕರೆಯಲ್ಲ. ಮನೆಯ ಯಜಮಾನ ಮನೆಮನೆಗೆ ಹೋಗಿ, ಬೆಲ್ಲ ನೀರು ಕುಡಿದು, ಚಾವಡಿಯಲ್ಲಿ ಕೂತು, “ಇಂಥ ದಿನ ಕಾರ್ಯ ಉಂಟು, ಎಲ್ಲರೂ ಬರಬೇಕು” ಎಂದು ಬಾಯಲ್ಲಿ ಹೇಳಬೇಕು. ಅದಕ್ಕೆ ಹೇಳಿಕೆ ಎನ್ನುವುದು. ಹೇಳಿಕೆ ಇಲ್ಲದ ಕಾರ್ಯಕ್ಕೆ ಒಡಹುಟ್ಟಿದವರೂ ಹೊರಡುವುದಿಲ್ಲ. ಆದರೆ ಹೇಳಿಕೆಗೆ ಹೋದರೆ ಮನೆಮನೆಯಲ್ಲೂ ಹೆಂಗಸರು ಬಾಗಿಲ ಸಂದಿಯಿಂದ, “ಮನೆ ಆಯ್ತು, ಮನೆಯವಳು ಎಲ್ಲಿ?” ಎಂದು ನಗುತ್ತಾರೆ. ಅದನ್ನು ನೆನೆದೇ ಕುಶಾಲಪ್ಪನವರು ಹೇಳಿಕೆಯ ಯೋಚನೆ ಬಿಟ್ಟರು. ಗ್ರೂಪಿನಲ್ಲಿ ಎಲ್ಲರೂ ಇದ್ದಾರಲ್ಲ ಎಂದುಕೊಂಡು, ದಿನ, ಮುಹೂರ್ತ, ಸ್ಥಳ ಎಲ್ಲ ಸೇರಿಸಿ, ಅದೇ ವಾಕ್ಯದಿಂದ ಶುರುಮಾಡಿ ಕಳಿಸಿಬಿಟ್ಟರು. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಅವರಿಗೆ ನಿಶ್ಚಿಂತೆಯಾಯಿತು.

ಒಕ್ಕಲಿನ ಹಿಂದಿನ ದಿನ ಸಂಜೆಯವರೆಗೂ ಯಾರೂ ಬರಲಿಲ್ಲ. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡರು. ಬೆಳಿಗ್ಗೆ ಪುರೋಹಿತರು ಬಂದರು. ಆಫೀಸಿನ ಜವಾನ ವಸಂತ ಬಂದ, ಶುಕೂರ್ ಬಿಳಿ ಅಂಗಿ ತೊಟ್ಟು ಬಂದ. ಅಡುಗೆಯವರು ಊರಿಗೆಲ್ಲ ಆಗುವಷ್ಟು ಪಾಯಸ ಇಳಿಸಿ ಇಟ್ಟಿದ್ದರು. ಶಾಮಿಯಾನದ ಕುರ್ಚಿಗಳು ಖಾಲಿ. ಗೇಟಿನ ಹತ್ತಿರ ನಿಂತೇ ಕುಶಾಲಪ್ಪನವರು ಅಕ್ಕನ ಮನೆಗೆ ಫೋನು ಮಾಡಿದರು. ಎತ್ತಿದ್ದು ಸೊಸೆ ವಿಸ್ಮಿತಾ, ಅಕ್ಕನ ಮಗಳು.

“ಹೊರಟಿದ್ದೀರಾ ಮಗಾ?”

“ಇಲ್ಲ ಮಾವ. ನೀವು ಹೇಳಿಕೆಗೆ ಬರ್ತೀರಿ ಅಂತ ಅಮ್ಮ ಕಾಯ್ತಾ ಇದ್ರು. ಸೀರೆ ಎಲ್ಲ ತೆಗೆದು ಇಟ್ಟಿದ್ರು.”

“ಗ್ರೂಪಿಗೆ ಹಾಕಿದ್ದೆ ಅಲ್ವಾ?”

“ಓದಿ ಹೇಳಿದೆ ಮಾವ. ‘ಕರೆದಿದ್ದಾನಾ?’ ಅಂತ ಕೇಳಿದ್ರು. ‘ಇಲ್ಲ, ತಿಳಿಸಿದ್ದಾರೆ’ ಅಂದೆ. ನಾನು ಸುಳ್ಳು ಹೇಗೆ ಹೇಳುದು?”

ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಒಳಗಿಂದ ಕೂಗಿದರು. ಹಾಲನ್ನು ಕುಶಾಲಪ್ಪನವರೇ ಒಲೆಗಿಟ್ಟರು. ಅದು ಉಕ್ಕಿ ಪಾತ್ರೆಯ ಮೈಮೇಲೆ ಇಳಿಯಿತು. ಹೆಂಗಸರಿದ್ದರೆ ಆ ಹೊತ್ತಿಗೆ ಗದ್ದಲವೆಬ್ಬಿಸುತ್ತಿದ್ದರು. “ಪೂರ್ವಕ್ಕೇ ಉಕ್ಕಿತು, ಶುಭ” ಎಂದು ಪುರೋಹಿತರು ಹೇಳಿದ್ದನ್ನು ವಸಂತ ಮತ್ತು ಶುಕೂರ್ ಬಾಗಿಲಲ್ಲಿ ನಿಂತು ಕೇಳಿದರು. ಉಳಿದ ಪಾಯಸವನ್ನು ಹಾಸ್ಟೆಲಿಗೆ ಕಳಿಸಿದ್ದಾಯಿತು.

ಹೊಸ ಮನೆಯಲ್ಲಿ ಕೆಮ್ಮಿದರೂ ಗೋಡೆ ತಿರುಗಿ ಕೆಮ್ಮುತ್ತಿತ್ತು. ಬಾಡಿಗೆ ಕೋಣೆಯಲ್ಲಿ ಒಂಟಿತನಕ್ಕೆ ಜಾಗ ಕಡಿಮೆಯಿತ್ತು. ಇಲ್ಲಿ ಅದು ಕೈಕಾಲು ಚಾಚಿ ಮಲಗಿತು. ಕೆಲವು ವಾರ ಹೀಗೆ ಕಳೆದು, ಒಂದು ಆದಿತ್ಯವಾರ ಕುಶಾಲಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ವೇಣೂರು ಕಡೆಯ ಬಸ್ಸು ಹತ್ತಿದರು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವಾಗ ತಿರುಗಿ ಹೋಗಿಬಿಡುವ ಅನಿಸಿತು. ಅಷ್ಟರಲ್ಲಿ ಅಳದಂಗಡಿ ಮಾರ್ಗದ ನಾರಾವಿ ಬಸ್ಸು ಬಂದದ್ದರಿಂದ ಹತ್ತಿಬಿಟ್ಟರು.

ಅಳದಂಗಡಿಯಲ್ಲಿ ಕಾವೇರಮ್ಮ ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದರು. ತಮ್ಮನನ್ನು ಕಂಡು ನಗಲಿಲ್ಲ. ಬೆಲ್ಲ, ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತರು.

“ಎಂತ ಬಂದದ್ದು?”

“ಹೇಳಿಕೆಗೆ” ಎಂದರು ಕುಶಾಲಪ್ಪನವರು.

“ಯಾವ ಕಾರ್ಯ?”

“ಕಾರ್ಯ ಎಂತದ್ದೂ ಇಲ್ಲ. ನೀನು ಬರಬೇಕು.”

“ಕಾರ್ಯ ಇಲ್ಲದೆ ಎಂಥ ಹೇಳಿಕೆ! ಯಾವ ದಿನ ಅಂತಾದ್ರೂ ಉಂಟಾ?”

ಇಷ್ಟು ಕಾಲ ಸಾವಿರ ದಿನಾಂಕ ಬರೆದ ಮನುಷ್ಯನಿಗೆ ಒಂದು ದಿನಾಂಕ ಸಿಗಲಿಲ್ಲ. ನೀರಿನ ಲೋಟವನ್ನು ಕೆಳಗಿಟ್ಟು, ನೆಲ ನೋಡದೆ, ಅಕ್ಕನ ಮುಖವನ್ನೇ ನೋಡಿ ಹೇಳಿದರು.

“ದಿನ ಅಂತ ಇಲ್ಲ ಅಕ್ಕ. ನಾನು ಎಲ್ಲ ದಿನವೂ ಒಬ್ಬನೇ ಇರುದು. ನನಗೆ ಆಗುದಿಲ್ಲ.”

ಕಾವೇರಮ್ಮನ ಸಿಟ್ಟು ಎಲ್ಲಿ ಹೋಯಿತೋ. ಅವರು ತಮ್ಮನ ಪಕ್ಕದಲ್ಲಿ ಕೂತರು. ರಬ್ಬರಿನ ವಾಸನೆಯ ಕೈಯಿಂದಲೇ ತಮ್ಮನ ತಲೆ ಮುಟ್ಟಿದರು, ಕೂದಲು ಇಷ್ಟು ಬೆಳ್ಳಗಾದದ್ದು ಅಕ್ಕನಿಗೆ ಗೊತ್ತಿರಲಿಲ್ಲ.

“ಇಷ್ಟು ಹೇಳ್ಲಿಕ್ಕೆ ನಿನಗೆ ಒಂದು ಮನೆ ಕಟ್ಟಬೇಕಾಯ್ತಾ ಮಾರಾಯ?” ಎಂದರು.

ಕುಶಾಲಪ್ಪನವರು ಹೌದೆಂದು ತಲೆಯಾಡಿಸಿದರು.