ಅಣ್ಣ ಜೋಡಿಸಿದ ಕೊನೆಯ ಎಂಜಿನ್

ಮೊಬೈಲ್ ಫೋನು ಆಗಷ್ಟೇ ಎಲ್ಲರ ಕಿಸೆಗೆ ಬಂದಿದ್ದ ವರ್ಷಗಳವು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದೆ ನಮ್ಮ ಗ್ಯಾರೇಜಿತ್ತು. ಅಣ್ಣ ಮಿಸ್ತ್ರಿ, ನಾನು ಅವನ ಜೊತೆಗಾರ. ಅವನ ಬಲಗೈ ನಡುಗಲು ಶುರುವಾಗಿತ್ತು. ಅವನ ಕೈಯ ಚಹಾ ತುಳುಕುವುದನ್ನು ಕಂಡ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. ಇಂಥ ಸುದ್ದಿ ಊರು ಸುತ್ತಲು ಎಷ್ಟು ಹೊತ್ತು ಬೇಕು!

ಉಳಿದವನು ಒಬ್ಬ ಮೆಣಸಿನಕಾಯಿ ವ್ಯಾಪಾರಿ. ಅವನ ಹಳೆಯ ಟರ್ಬೊ ಡೀಸೆಲ್ ಕಾರು ಹೊಗೆ ಉಗುಳುತ್ತಿತ್ತು. ಅಣ್ಣನ ಎದುರಿಗೇ ನನ್ನನ್ನು ಕೇಳಿದ: “ನಿಮ್ಮಣ್ಣನ ಕೈಲೆ ಆಗತೈತೇನ್ರಿ? ಇಲ್ಲಾಂದ್ರ ಹಾವೇರಿಗೆ ಒಯ್ತೇನಿ.”

“ನಾನ ಮಾಡ್ತೇನ್ರಿ. ಇದು ಕೆಟ್ಟರ ಮತ್ತ ಪಾನಾ ಹಿಡಿಯಂಗಿಲ್ಲ,” ಎಂದ ಅಣ್ಣ.

ಬರೀ ಬಾಯಿಮಾತಲ್ಲ ಅದು. ಎಂಜಿನ್ ಪೂರ್ತಿ ಬಿಚ್ಚಿ, ಒಂದೊಂದನ್ನೂ ಅಳೆದು, ಗಟ್ಟಿಯಿದ್ದ ಮೂಲ ಭಾಗಗಳನ್ನೆಲ್ಲ ಉಳಿಸಿಕೊಂಡ. ರಿಂಗು, ಬೇರಿಂಗು, ಗ್ಯಾಸ್ಕೆಟ್ ಮಾತ್ರ ರಾಣೆಬೆನ್ನೂರಿನಿಂದ ತರಿಸಿದ, ಅವೂ ಕಂಪನಿಯವೇ. ಪಾನಾ ಹಾಕಿ ಒಂದು ಬೋಲ್ಟ್ ಬಿಗಿಯಲು ಕಾಲು ಗಂಟೆ ಹಿಡಿದರೂ ನನ್ನನ್ನು ಹತ್ತಿರ ಬಿಡಲಿಲ್ಲ. ನೋಡಲಾಗದೆ ನಾನು ಆಚೆ ತಿರುಗುತ್ತಿದ್ದೆ.

ನನಗೆ ಕೊಟ್ಟ ಕೆಲಸ ಒಂದೇ. ಸೀಸನ್ನಿನಲ್ಲಿ ಬ್ಯಾಡಗಿಯ ಗಾಳಿಯ ತುಂಬ ಮೆಣಸಿನಕಾಯಿಯ ಕೆಂಪು ಧೂಳು. ಅದು ಒಳಗೆ ಹೋಗದಂತೆ ಬಿಚ್ಚಿದ ಪೈಪುಗಳ ಬಾಯಿಗೆ ಹಳೆ ಅರಿವೆ ತುರುಕಬೇಕು, ಜೋಡಿಸುವ ಮುಂಚೆ ತೆಗೆಯಬೇಕು.

ಎಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಎಷ್ಟೋ ತಿಂಗಳ ಮೇಲೆ ಅಣ್ಣ ನಕ್ಕ. ಹಾವೇರಿಯವರೆಗೆ ಓಡಿಸಿ ನೋಡೋಣವೆಂದು ಹೊರಟೆವು. ಮೋಟೆಬೆನ್ನೂರು ದಾಟಿದ್ದೆವಷ್ಟೆ, ಮುಂದಿನಿಂದ ಕೀರಲು ಸದ್ದು, ಆಮೇಲೆ ದಡಬಡ, ಆಮೇಲೆ ಏನೂ ಇಲ್ಲ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಮುರಿದು ಅದರ ಚೂರುಗಳು ಎಂಜಿನ್ನಿನೊಳಗೆ ಹೊಕ್ಕು ಎಲ್ಲವನ್ನೂ ಹಾಳುಮಾಡಿದ್ದವು.

ಮರುದಿನ ಬಿಚ್ಚಿದವನು ನಾನು. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪಿನಲ್ಲಿ ಬೆರಳಷ್ಟು ಅರಿವೆ ಸಿಕ್ಕಿಕೊಂಡಿತ್ತು. ಆಯಿಲ್ ಸಿಗದೆಯೇ ಟರ್ಬೊ ಮುರಿದಿತ್ತು. ನಾನೇ ತುರುಕಿದ್ದು, ನಾನೇ ಮರೆತದ್ದು. ಅಣ್ಣ ಕಟ್ಟೆಯ ಮೇಲೆ ಕುಳಿತು ತನ್ನ ಕೈಯನ್ನೇ ನೋಡುತ್ತಿದ್ದ.

“ಬೋಲ್ಟ್ ಬಿಗಿ ಆಗಿದ್ದಿಲ್ಲ, ಹೌದಿಲ್ಲೋ ತಮ್ಮಾ? ನನ್ನ ಕೈ ಹೋತು.”

ನಾನು ಅರಿವೆಯನ್ನು ಕಿಸೆಗೆ ಹಾಕಿಕೊಂಡು, “ಹೌದಣ್ಣಾ” ಎಂದೆ.

ಅವನು ಮತ್ತೆ ಪಾನಾ ಮುಟ್ಟಲಿಲ್ಲ. ಹೇಳಬೇಕೆಂದು ನೂರು ಸಲ ಬಾಯಿ ತೆರೆದೆ, ಹೇಡಿ ನಾನು, ಅವನು ತೀರಿಹೋಗುವವರೆಗೂ ಹೇಳಲಿಲ್ಲ. ಅವನಿರುವಾಗಲೇ ಗ್ಯಾರೇಜು ನನ್ನದಾಯಿತು. ಅವನು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ. ಬಂದ ಗಿರಾಕಿಗಳಿಗೆಲ್ಲ ಅವನದು ಒಂದೇ ಮಾತು: “ಒಳಗ ಹೋಗ್ರಿ, ನನ್ನ ತಮ್ಮ ಅದಾನ. ಅವನ ಕೈ ಭಾಳ ಖಾತ್ರಿ.”