ಸಾಫ್ತಾಳ ನೆರಳಿನ ಅಳತೆ

ನನ್ನ ಸೋದರತ್ತೆ ಸಾಫ್ತಾ ಮಿರೇಷ್ಟಿಯ ದೊಡ್ಡ ಇಗರ್ಜಿಯಲ್ಲಿ ಮೇಣ ಕೆರೆಯುವ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು ವರ್ಷ. ದೀಪದ ತಟ್ಟೆಗಳಲ್ಲಿ ಗಟ್ಟಿಯಾದ ಮೇಣವನ್ನು ಚಾಕುವಿನಿಂದ ಎಬ್ಬಿಸಿ, ಕರಗಿಸಿ, ಮತ್ತೆ ಬತ್ತಿ ಮಾಡಬೇಕು. ಉಳಿದ ಹೊತ್ತಿನಲ್ಲಿ ನೆಲ ಗುಡಿಸಬೇಕು. ರುಮೇನಿಯಾದ ಬೇರೆ ಬೇರೆ ಕಡೆಗಳಿಂದ ಇಗರ್ಜಿ ನೋಡಲು ಬಂದವರನ್ನು ಉತ್ತರದ ಗೋಡೆಯ ಮುಂದೆ ನಿಲ್ಲಿಸಿ ಕಥೆ ಹೇಳುವುದು ಮಾತ್ರ ಯಾರೂ ವಹಿಸದ ಕೆಲಸ. ಅದನ್ನು ಅವಳೇ ಮೈಮೇಲೆ ಹಾಕಿಕೊಂಡಿದ್ದಳು.

ಕಥೆ ನಮ್ಮೂರಿನ ಎಲ್ಲರಿಗೂ ಗೊತ್ತು. ಹಿಂದೆ ಆ ಗೋಡೆಯನ್ನು ಎಷ್ಟು ಸಲ ಕಟ್ಟಿದರೂ ಅದು ಬೆಳಗಾಗುವಷ್ಟರಲ್ಲಿ ಬಿದ್ದಿರುತ್ತಿತ್ತಂತೆ. ಜೀವ ಕೊಡದೆ ಕಲ್ಲು ನಿಲ್ಲುವುದಿಲ್ಲವೆಂದು ಯಾರೋ ಹೇಳಿದರು. ಬುತ್ತಿ ತಂದ ಹೆಂಡತಿಗೆ ಮುಖ್ಯ ಮೇಸ್ತ್ರಿ, "ಇಲ್ಲಿ ಸ್ವಲ್ಪ ನಿಲ್ಲು, ಸಂತನ ಚಿತ್ರ ಇಡೋ ಗೂಡಿಗೆ ಅಳತೆ ಬೇಕು" ಅಂದ. ಅವಳು ನಿಂತಳು. ಸುತ್ತ ಕಟ್ಟುತ್ತಿದ್ದ ಕಲ್ಲು ಮೊಣಕಾಲಿನವರೆಗೆ ಬಂದಾಗಲೂ ನಗುತ್ತಿದ್ದಳಂತೆ.

"ಕಿವಿ ಇಡಿ, ಇಲ್ಲೇ," ಎನ್ನುತ್ತಿದ್ದಳು ಸಾಫ್ತಾ. "ಕೇಳಿಸ್ತಾ? ಇನ್ನೂ ಗಂಡನ್ನ ಕರೀತಾಳೆ."

ಬಂದವರು ಬೆಚ್ಚಿ ಹಿಂದೆ ಸರಿದರೆ ಅವಳಿಗೆ ಖುಷಿ. ಹದಿನಾಲ್ಕು ವರ್ಷ ಹೀಗೆ ಕಳೆಯಿತು.

ಆಮೇಲೆ ಒಂದು ಚಳಿಗಾಲದಲ್ಲಿ ಭೂಮಿ ನಡುಗಿತು. ಉತ್ತರದ ಗೋಡೆ ಮೇಲಿಂದ ಕೆಳಗೆ ಬಿರುಕು ಬಿಟ್ಟಿತು. ದುರಸ್ತಿಗೆಂದು ಬೆಟ್ಟದ ಕಡೆಯಿಂದ ಪಾಂತೆ ಎಂಬ ಮೇಸ್ತ್ರಿ ತನ್ನ ತಮ್ಮನ ಜೊತೆ ಬಂದ. ಕಟ್ಟಿದ್ದು ಒಮ್ಮೆ ಜಾರಿತು. ಎರಡನೆಯ ಸಲ ಜಾರಿದಾಗ ತಮ್ಮನ ಸೊಂಟ ಮುರಿಯಿತು. ಅವನನ್ನು ಗಾಡಿಯಲ್ಲಿ ಮಲಗಿಸಿ ಊರಿಗೆ ಕಳಿಸಬೇಕಾಯಿತು.

ಮೇ ತಿಂಗಳ ಒಂದು ಬೆಳಿಗ್ಗೆ ಸಾಫ್ತಾ ಮೇಣದ ಬುಟ್ಟಿ ಹೊತ್ತು ಗೋಡೆಯ ಬಳಿ ನಿಂತಿದ್ದಳು. ಬಾಗಿಲಿನಿಂದ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಕಾಲ ಬಳಿ ಏನೋ ಸರಿದಂತಾಗಿ ತಿರುಗಿದಳು. ಪಾಂತೆ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಕೆಂಪು ಉಣ್ಣೆಯ ದಾರ. ಅದರ ಒಂದು ತುದಿ ಅವಳ ಹಿಮ್ಮಡಿಯ ಹತ್ತಿರ, ಇನ್ನೊಂದು ಅವಳ ನೆರಳಿನ ತಲೆಯ ಮೇಲೆ. ಅವನು ದಾರವನ್ನು ಸರಸರನೆ ಸುತ್ತಿ ಜೇಬಿಗಿಟ್ಟುಕೊಂಡು, ಅವಳ ಮುಖ ನೋಡದೆ ಅಟ್ಟಣಿಗೆ ಹತ್ತಿದ.

ಈಗ ಯಾರೂ ಮನುಷ್ಯರನ್ನು ಗೋಡೆಯಲ್ಲಿಟ್ಟು ಕಟ್ಟುವುದಿಲ್ಲ. ನೆರಳು ಅಳೆದ ದಾರವನ್ನು ಕಲ್ಲಿನೊಳಗೆ ಇಟ್ಟರೆ ಸಾಕು. ಗೋಡೆ ನಿಲ್ಲುತ್ತದೆ, ಆ ನೆರಳಿನವರು ನಲವತ್ತು ದಿನದೊಳಗೆ ಸಾಯುತ್ತಾರೆ. ನಮ್ಮ ಕಡೆ ಕೂಸುಗಳಿಗೂ ಇದು ಗೊತ್ತು.

ಬುಟ್ಟಿಯನ್ನು ಅಲ್ಲೇ ಬಿಟ್ಟು ಸಾಫ್ತಾ ಮನೆಗೆ ಓಡಿದಳು. ಗಂಡ ಗ್ರಿಗೋರೆ ಕುದುರೆಗೆ ನೀರು ಕುಡಿಸುತ್ತಿದ್ದ. ಕೇಳಿ ನಕ್ಕುಬಿಟ್ಟ.

"ನಿನ್ನ ನೆರಳು ಇಟ್ರೆ ಗೋಡೆನೂ ಬಾಯಿ ಮುಚ್ಚಲ್ಲ ಕಣೆ. ಪಾದ್ರಿಗಳು ಪೂಜೆ ಮಾಡೋದು ಹ್ಯಾಗೆ?"

ಅವನ ತಾಯಿ ಸ್ಮಾರಾಂದಾ ನಗಲಿಲ್ಲ. ಎಪ್ಪತ್ತು ದಾಟಿದ ಮುದುಕಿ. ಹದಿನಾರು ವರ್ಷದಲ್ಲಿ ಸೊಸೆಗೆ ಒಂದು ಒಳ್ಳೆಯ ಮಾತು ಆಡಿದವಳಲ್ಲ.

"ಯಾವತ್ತು ಅಳೆದಿದ್ದು?"

"ಈಗ, ಅತ್ತೆ. ಈಗಲೇ."

ಮುದುಕಿ ಗೋಡೆಯ ಮೇಲಿದ್ದ ಪಂಚಾಂಗದ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. ನಲವತ್ತಕ್ಕೆ ಬಂದಾಗ ಬೆರಳು ತೆಗೆದು, ಒಲೆಯ ಕಡೆ ನಡೆದಳು.

ಒಂಬತ್ತನೆಯ ದಿನದ ಹೊತ್ತಿಗೆ ಅವಳ ಬಾಯಿಗೆ ಜೋಳದ ಮುದ್ದೆ ಸುಣ್ಣದ ಹಾಗೆ ರುಚಿಸತೊಡಗಿತು. ಕೂತರೆ ಏಳಲು ಮೊಣಕಾಲು ಬಾರದು. ಎದೆಯ ಮೇಲೆ ಯಾರೋ ಒಂದೊಂದೇ ಕಲ್ಲು ಪೇರಿಸಿದಂತೆ ಉಸಿರು ಗಿಡ್ಡವಾಯಿತು. ಕೆಲಸ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಕೂತರೆ ಹೆದರಿಕೆ ಇನ್ನೂ ಹೆಚ್ಚಾಗುತ್ತಿತ್ತು. ಹನ್ನೆರಡನೆಯ ದಿನ ದೂರದ ಊರಿನ ಇಬ್ಬರು ಮೇಡಂಗಳು ಇಗರ್ಜಿ ನೋಡಲು ಬಂದು ಗೋಡೆಯೊಳಗಿನ ಹೆಂಗಸಿನ ಕಥೆ ಹೇಳೆಂದರು. ಸಾಫ್ತಾ ಶುರುಮಾಡಿದಳು. "ಮೊಣಕಾಲಿನವರೆಗೆ ಕಲ್ಲು ಬಂದಾಗ..." ಅಲ್ಲಿಗೆ ನಿಲ್ಲಿಸಿದಳು. ಆ ಹೆಂಗಸು ನಗುತ್ತಿದ್ದಳು ಎಂದು ಹೇಳಿದವರು ಯಾರು? ಹದಿನಾಲ್ಕು ವರ್ಷ ತಾನು ರಸವತ್ತಾಗಿ ಹೇಳುತ್ತಿದ್ದುದು ಯಾವುದನ್ನು? ಮೇಡಂಗಳನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಬಂದು ವಾಂತಿ ಮಾಡಿಕೊಂಡಳು.

ಹದಿನಾರನೆಯ ದಿನ ಸ್ಮಾರಾಂದಾ ಕೊಟ್ಟಿಗೆಯಿಂದ ಹಾರೆ ತಂದು ಸೊಸೆಯ ಮುಂದೆ ಎಸೆದಳು.

"ಏಳೇ. ಮನೇಲಿ ಕೂತು ಸಾಯೋಳ ಮುಖ ನೋಡೋಕೆ ನಂಗಾಗಲ್ಲ."

ಪಾದ್ರಿ ಆ ದಿನ ಊರಲ್ಲಿರಲಿಲ್ಲ. ಇಗರ್ಜಿಯಲ್ಲಿ ಪಾಂತೆ ಒಬ್ಬನೇ ಗಾರೆ ಕಲಸುತ್ತಿದ್ದ. ಹಾರೆ ಹಿಡಿದ ಇಬ್ಬರು ಹೆಂಗಸರನ್ನು ನೋಡಿ ಎದ್ದು ನಿಂತ.

"ಎಲ್ಲಿಟ್ಟಿದೀಯಾ?" ಎಂದಳು ಮುದುಕಿ.

"ಏನನ್ನ ಅಜ್ಜಿ?"

"ನಂಗೆ ಆಟ ತೋರಿಸ್ಬೇಡ. ನಿನ್ನಂಥ ಮೇಸ್ತ್ರಿಗಳನ್ನ ಬೇಕಾದಷ್ಟು ನೋಡಿದೀನಿ. ನನ್ನ ಸೊಸೆಯದು ಎಲ್ಲಿಟ್ಟೆ?"

ಅವನು ಕರಣೆ ಕೆಳಗಿಟ್ಟ. "ನಾನೇನ್ ಮಾಡ್ಲಿ? ತಮ್ಮ ಏಳೋ ಹಂಗಿಲ್ಲ. ಮುಂದಿನ ಸಲ ಜಾರಿದ್ರೆ ಕಲ್ಲಿನ ಕೆಳಗೆ ಸಿಗೋನು ನಾನೇ. ಯಾರನ್ನಾದ್ರೂ ಅಳೀಲೇಬೇಕಿತ್ತು. ಈಕೆಗೆ ಮಕ್ಕಳಿಲ್ಲ, ಅಳೋರು ಕಮ್ಮಿ ಅಂತ ಊರಲ್ಲಿ ಅಂದ್ರು."

ಸಾಫ್ತಾ ಆವರೆಗೆ ಅತ್ತೆಯ ಬೆನ್ನ ಹಿಂದೆ ನಿಂತಿದ್ದಳು. ಆ ಮಾತು ಕೇಳಿದ್ದೇ ಮುಂದೆ ಬಂದಳು. ಹಾರೆ ಎತ್ತಿ ಹೊಸದಾಗಿ ಕಟ್ಟಿದ ಕಲ್ಲಿನ ಸಂದಿಗೆ ಹೊಡೆದಳು. ನಾಲ್ಕನೆಯ ಏಟಿಗೆ ಪಾಂತೆ ಅವಳ ಕೈಯಿಂದ ಹಾರೆ ಕಸಿದುಕೊಂಡ. "ಬಿಡಿ, ಗೋಡೆನೇ ಬಿದ್ದೋಗುತ್ತೆ," ಎನ್ನುತ್ತ ತಾನೇ ಬೇರೊಂದು ಕಲ್ಲನ್ನು ಮೆಲ್ಲಗೆ ಸಡಿಲಿಸಿ ಹೊರಗೆಳೆದ.

ಹಿಂದೆ ಮೊಳದುದ್ದದ ಪೊಳ್ಳು. ಅದರಲ್ಲಿ ಕೆಂಪು ದಾರದ ಉಂಡೆ. ಸಾಫ್ತಾ ಕೈ ಹಾಕಿ ಅದನ್ನು ತೆಗೆದಳು. ಬೆರಳಿಗೆ ಮತ್ತೇನೋ ತಗುಲಿತು. ಇನ್ನೊಂದು ಉಂಡೆ, ಬೂದಿಬಣ್ಣದ್ದು, ಹಿಡಿದರೆ ಪುಡಿಯಾಗುವಂಥದ್ದು. ಅದರಾಚೆ ಮತ್ತೊಂದು. ಅಳತೆಗೆ ಕತ್ತರಿಸಿದ ಜೊಂಡಿನ ಕಡ್ಡಿಗಳು. ನಾರಿನ ಎಳೆಗಳು. ಒಳಗೆ ಹೋದಷ್ಟೂ ಇದ್ದವು. ಆ ಪೊಳ್ಳಿನ ತಂಪು ಮೊಣಕೈವರೆಗೆ ಹತ್ತಿತು. ಅವಳು ಕಿರುಚಿ ಕೈ ಹಿಂದೆಳೆದುಕೊಂಡಳು.

"ಒಬ್ಬಳಲ್ಲ, ಅತ್ತೆ. ಒಬ್ಬಳೇ ಅಲ್ಲ."

ಪಾಂತೆ ನೆಲಕ್ಕೆ ಕುಸಿದು ಕೂತ. "ಇದನ್ನ ಖಾಲಿ ಬಿಟ್ರೆ ನಾನೇ ಸಾಯ್ತೀನಿ. ನಂಗೆ ಮೂರು ಹೆಣ್ಮಕ್ಕಳು." ಅಷ್ಟು ದೊಡ್ಡ ಗಂಡಸು ಗೊಳೋ ಎಂದು ಅತ್ತ.

ಸ್ಮಾರಾಂದಾ ಬಾಗಿಲಿನ ಬಿಸಿಲಿಗೆ ಬೆನ್ನುಕೊಟ್ಟು ನಿಂತಳು.

"ಅಳೆಯೋ. ನನ್ನ ನೆರಳನ್ನ ಅಳೆಯೋ."

"ಬೇಡ ಅತ್ತೆ!"

"ಸುಮ್ನಿರೇ. ಮೊಮ್ಮಗನ್ನಂತೂ ಕೊಡ್ಲಿಲ್ಲ. ಇಗರ್ಜಿ ಗೋಡೇಲಿ ಒಂದು ಜಾಗನಾದ್ರೂ ಸಿಗ್ಲಿ ಬಿಡು. ಏ ಮೇಸ್ತ್ರಿ, ಗೂನು ಬೆನ್ನು ಅಂತ ಕಮ್ಮಿ ಅಳೀಬೇಡ. ವಯಸ್ಸಲ್ಲಿ ನಾನೂ ಉದ್ದ ಇದ್ದೆ."

ಪಾಂತೆ ಹೊಸ ದಾರ ಬಿಚ್ಚಿದಾಗ ಸಾಫ್ತಾ ಅದನ್ನು ಕಸಿದುಕೊಳ್ಳಲು ಹೋದಳು. ಮುದುಕಿ ಕೋಲಿನಿಂದ ಅವಳ ಮುಂಗೈಗೆ ಬಾರಿಸಿದಳು. ಅಳತೆ ಒಳಗೆ ಹೋಯಿತು, ಕಲ್ಲು ಮುಚ್ಚಿತು.

ಮನೆಗೆ ಬಂದು ಕೆಂಪು ದಾರವನ್ನು ಒಲೆಗೆ ಹಾಕಿದರು. ಸಾಫ್ತಾಳ ಎದೆಯ ಭಾರ ಅಂದೇ ಇಳಿಯಿತು. ಅದಕ್ಕಿಂತ ಕೆಟ್ಟ ಹೆದರಿಕೆ ಶುರುವಾಯಿತು. ಅತ್ತೆ ಕೆಮ್ಮಿದರೆ ಇವಳು ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬರುವಳು. ಮೆಟ್ಟಿಲ ಮೇಲೆ ಚಾಪೆ ಹಾಸಿದಳು. ಮೀನಿನ ಮುಳ್ಳನ್ನು ತಾನೇ ಬಿಡಿಸಿ ಕೊಟ್ಟಳು. ಮುದುಕಿ ಮಲಗಿದಾಗ ಮೂಗಿನ ಬಳಿ ಕೈ ಹಿಡಿದು ನೋಡುವಳು.

"ಇನ್ನೂ ಇದೀನಿ ಕಣೆ, ಹೋಗು," ಎಂದು ಕಣ್ಣು ತೆರೆಯದೆಯೇ ಬೈಯುವಳು ಸ್ಮಾರಾಂದಾ.

ಮುದುಕಿಯ ನೆರಳು ಅಳೆದ ಮೂವತ್ತೊಂಬತ್ತನೆಯ ದಿನ ಮಧ್ಯಾಹ್ನ ಸಾಫ್ತಾ ಕೆಲಸದಿಂದ ಬಂದಾಗ ಅತ್ತೆ ಎಲ್ಲೂ ಕಾಣಲಿಲ್ಲ. ಹಿತ್ತಿಲಲ್ಲಿಲ್ಲ, ಬಾವಿಯ ಬಳಿಯಿಲ್ಲ. ನೆಲಮಾಳಿಗೆಯ ಬಾಗಿಲು ಮಾತ್ರ ತೆರೆದಿತ್ತು. ಇಳಿದು ನೋಡಿದರೆ ಮುದುಕಿ ಪೀಪಾಯಿಗಳ ನಡುವೆ ಅಂಗಾತ ಬಿದ್ದಿದ್ದಳು. ಸಾಫ್ತಾ ಅವಳ ಮೇಲೆ ಬಿದ್ದು ಊರಿಗೆಲ್ಲ ಕೇಳುವಂತೆ ಕೂಗಿಕೊಂಡಳು.

ಹೆಣ ಬಿಕ್ಕಳಿಸಿತು. ಪ್ಲಮ್ ಸಾರಾಯಿ ಘಮ್ಮೆಂದಿತು.

"ಯಾಕೆ ಬಡ್ಕೊಳ್ತೀಯಾ? ನಾಳೆ ಸಾಯೋಳು ಇವತ್ತು ಒಂದು ಗುಟುಕು ಕುಡೀಬಾರ್ದಾ?"

ಮರುದಿನ, ಕೊನೆಯ ದಿನ, ಅತ್ತೆ ಸೊಸೆ ಅಂಗಳದ ಬೆಂಚಿನಲ್ಲಿ ಕೂತರು. ಗ್ರಿಗೋರೆ ಕೂಡ ಗಾಡಿ ಕಟ್ಟಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಮುದುಕಿ ತಾನಾಗಿಯೇ ಸಾಫ್ತಾಳ ಕೈ ಹಿಡಿದಳು. ಆಮೇಲೆ ಬಿಡಲೇ ಇಲ್ಲ.

"ನಿಮಗೂ ಹೆದರಿಕೆನಾ ಅತ್ತೆ?"

"ಮತ್ತೆ? ನಾನೇನ್ ಕಲ್ಲಾ?"

ಹೊತ್ತು ಮುಳುಗುವವರೆಗೆ ಇಬ್ಬರೂ ಏಳಲಿಲ್ಲ.

ನಲವತ್ತೊಂದನೆಯ ದಿನ ಬೆಳಿಗ್ಗೆ ಸ್ಮಾರಾಂದಾ ಮುದ್ದೆಗೆ ಉಪ್ಪು ಕಮ್ಮಿ ಎಂದು ತಟ್ಟೆ ದೂಡಿದಳು. ಸಾಫ್ತಾ ಒಲೆಯ ಮುಂದೆ ಕುಸಿದು ಕೂತು ನಕ್ಕಳು, ಅತ್ತಳು. ಗೋಡೆಯೂ ಬೀಳಲಿಲ್ಲ. ಪಾಂತೆ ಕೆಲಸ ಮುಗಿಸಿ, ಹೊರಡುವಾಗ ಅವರ ಬಾಗಿಲಿಗೆ ಬಂದು, ಒಳಗೆ ಬರಲು ಧೈರ್ಯವಾಗದೆ ಟೊಪ್ಪಿ ತೆಗೆದು ನಿಂತು ಹೋದನಂತೆ.

ಮುದುಕಿ ಇನ್ನೂ ಏಳು ವರ್ಷ ಬದುಕಿದಳು. ಇಬ್ಬರ ಜಗಳ ಮೊದಲಿನಂತೆಯೇ ನಡೆಯಿತು. ಕಥೆ ಕೇಳಿಕೊಂಡು ಬಂದವರಿಗೆ ಸಾಫ್ತಾ, "ನಂಗೊತ್ತಿಲ್ಲ, ನಾನು ಮೇಣ ಕೆರೆಯೋಳು" ಎಂದುಬಿಡುತ್ತಿದ್ದಳು. ನಾನು ಕಂಡಂತೆ, ಅವಳು ಉತ್ತರದ ಗೋಡೆಯ ಕಡೆ ಗುಡಿಸುತ್ತಿದ್ದುದು ಮೋಡ ಕವಿದ ದಿನಗಳಲ್ಲಿ ಮಾತ್ರ.