ಕಡಲೆಬಳ್ಳಿ ಅಂಚು ಮತ್ತು ನಮ್ಮವರ ಪೆನ್ ಡ್ರೈವ್

ನಮ್ಮ ಯಜಮಾನರ ಹೆಸರು ಗಂಗಾಧರ. ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಾರೆ. ಎಲ್ಲಾ ಕಲಿತರು, ಯಾರಿಗಾದರೂ ‘ಆಗಲ್ಲ’ ಅನ್ನುವುದನ್ನು ಮಾತ್ರ ಕಲಿಯಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿ ಎರಡು ವರ್ಷವಾಯಿತು, ಸ್ಕ್ರೀನಿನ ಸಣ್ಣಕ್ಷರ ಕಾಣುವುದಿಲ್ಲ. ಅದಕ್ಕೇ ಹೊರಗಿನ ಕೆಲಸ ಬಂದರೆ ನಾನೂ ಹೊರಡಬೇಕು. ಓದುವವಳು ನಾನು, ಏನು ಒತ್ತಬೇಕೆಂದು ಹೇಳುವವರು ಅವರು. ನನಗೂ ಐವತ್ತು ದಾಟಿದೆ, ಮಂಡಿ ಹಿಡಿದುಕೊಳ್ಳುತ್ತದೆ. ಅದನ್ನು ಯಾರು ಕೇಳುತ್ತಾರೆ?

ಈ ಸಲ ದಸರಾ ಮುಗಿದ ಮರುದಿನ ಬೆಳಿಗ್ಗೆ ಕಲ್ಯಾಣದುರ್ಗದಿಂದ ಮೀನಾ ಫೋನ್ ಮಾಡಿದಳು. ಹಿಂದೂಪುರದಲ್ಲಿ ಸೀರೆ ಡಿಸೈನ್ ಕಲಿಯುವಾಗ ದಿನಾ ನಮ್ಮ ಅಂಗಡಿ ಮುಂದೆಯೇ ಓಡಾಡುತ್ತಿದ್ದ ಹುಡುಗಿ.

“ಅಕ್ಕಾ, ನಮ್ಮಪ್ಪ ಕಂಪ್ಯೂಟರ್ ಕೆಡಿಸ್ಬುಟ್ಟವ್ರೆ. ಇಲ್ಲಿ ಯಾರ್ನ ಕೇಳಿದ್ರೂ ‘ಫಾರ್ಮ್ಯಾಟ್ ಕೊಟ್ಟೇಯಂಡಿ, ಅಯಿಪೋತುಂದಿ’ ಅಂತಾರೆ, ಹೊಡುದ್ರೆ ಮುಗೀತಂತೆ. ಫಾರ್ಮ್ಯಾಟ್ ಮಾಡಿದ್ರೆ ಒಳಗಿರೋದೆಲ್ಲಾ ಅಳಿಸೋಯ್ತದಂತೆ. ಸಾರ್‌ಗೆ ಕೊಡಿ ಅಕ್ಕಾ.”

ನಾನು ಫೋನ್ ಕೊಟ್ಟೆ. ಕೊಡಬಾರದಾಗಿತ್ತು. ಐದು ನಿಮಿಷ ಕೇಳಿಸಿಕೊಂಡು, “ಮುಟ್ಬ್ಯಾಡಮ್ಮ, ಹಂಗೇ ಇಟ್ಟಿರು. ಬತ್ತೀನಿ” ಅಂದುಬಿಟ್ಟರು. ನಾನು ಒಲೆ ಆರಿಸಿ, ಚಿತ್ರಾನ್ನ ಡಬ್ಬಿಗೆ ತುಂಬಿ, ಬಾಯಿಗೆ ಬಂದ ಹಾಗೆ ಬೈದುಕೊಂಡೇ ಸೀರೆ ಬದಲಾಯಿಸಿದೆ.

ಪೆನುಕೊಂಡದಲ್ಲಿ ಬಸ್ ಬದಲಾಯಿಸಿ ಕಲ್ಯಾಣದುರ್ಗ ಮುಟ್ಟುವಾಗ ಮಧ್ಯಾಹ್ನ. ಮೀನಾಳ ಅಪ್ಪ ಮಲ್ಲಿಕಾರ್ಜುನಪ್ಪನವರು ರೇಷ್ಮೆ ಸೀರೆ ನೇಯ್ದ ಕೈ, ಎಪ್ಪತ್ತರ ಹತ್ತಿರ. ಹಜಾರದಲ್ಲಿ ಮಗ್ಗದ ಕಡೆ ಮುಖ ಮಾಡಿ ಕೂತಿದ್ದರು. ನಮ್ಮನ್ನು ನೋಡಿ ಕೈ ಮುಗಿದು ಮತ್ತೆ ಮಗ್ಗದ ಕಡೆ ತಿರುಗಿದರು. ತಟ್ಟೆಯಲ್ಲಿ ಹಾಕಿಟ್ಟ ಮುದ್ದೆ ತಣ್ಣಗಾಗಿತ್ತು.

ಆದದ್ದಿಷ್ಟು. ಆಯುಧಪೂಜೆಯ ದಿನ ನಮ್ಮ ಕಡೆ ಈಳಿಗೆಮಣೆಗೂ ಕೆಲಸ ಕೊಡುವುದಿಲ್ಲ. ಮುದುಕರು ಮಗ್ಗ ತೊಳೆದು, ಮಾವಿನ ಸೊಪ್ಪು ಕಟ್ಟಿ, ಮಗಳ ಕೋಣೆಗೆ ಬಂದಿದ್ದಾರೆ. ಕಂಪ್ಯೂಟರಿನ ದೀಪ ಉರಿಯುತ್ತಿದೆ, ಸ್ಕ್ರೀನಿನ ಮೇಲೆ ಚುಕ್ಕಿಗಳು ಗಿರಗಿರ ಸುತ್ತುತ್ತಿವೆ. ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಅವರಿಗೆ ಓದಲು ಬಾರದು. ಹಬ್ಬದ ದಿನ ಇದೊಂದೇ ದುಡಿಯಬೇಕೇ ಎಂದು ಪ್ಲಗ್ ಕಿತ್ತು, ವಿಭೂತಿ ಬಳಿದು, ಕುಂಕುಮ ಇಟ್ಟು, ಮೇಲೊಂದು ನಿಂಬೆಹಣ್ಣು ಇಟ್ಟು ಕೈ ಮುಗಿದಿದ್ದಾರೆ. ಅಲ್ಲಿಂದ ಅದು ಏಳಲೇ ಇಲ್ಲ.

“ಬೇರೆ ಏನ್ ಹೋದ್ರೂ ಹೋಗ್ಲಿ ಸಾರ್, ಕಡಲೆಬಳ್ಳಿ ಅಂಚು ಒಂದು ಬೇಕು,” ಅಂದಳು ಮೀನಾ. ಅವಳಪ್ಪ ವಯಸ್ಸಿನಲ್ಲಿದ್ದಾಗ ಗ್ರಾಫ್ ಹಾಳೆಯ ಮೇಲೆ ತಾವೇ ಬರೆದ ಸೀರೆ ಅಂಚು ಅದು. ಬಳ್ಳಿ, ಎಲೆ, ಬೇರಿನಲ್ಲಿ ಕಡಲೆಕಾಯಿ. ಹಾಳೆಗಳಿಗೆ ಗೆದ್ದಲು ಹಿಡಿದಾಗ ಇವಳು ಎಂಟು ತಿಂಗಳು ಕೂತು ಒಂದೊಂದೇ ಚೌಕ ನೋಡಿ ಕಂಪ್ಯೂಟರಿಗೆ ಇಳಿಸಿದ್ದಳು. ಉಳಿದ ಕಾಗದ ಪುಡಿಯಾಗಿ ಹೋಯಿತು. ಮುದುಕರ ಕೈ ಈಗ ನಡುಗುತ್ತದೆ, ಮತ್ತೆ ಬರೆಯಲಾಗುವುದಿಲ್ಲ. ಹೆತ್ತ ಕೂಸಿನ ಕತ್ತನ್ನು ತಾವೇ ಹಿಸುಕಿದ ಹಾಗೆ ಕೂತಿದ್ದರು ಪಾಪ. ಮೂರು ದಿನದಿಂದ ಮಗಳು ಮಾತಾಡಿಸಿರಲಿಲ್ಲ.

ನಮ್ಮವರು ಜೇಬಿನಿಂದ ತಮ್ಮ ಪೆನ್ ಡ್ರೈವ್ ತೆಗೆದರು. ಯಂತ್ರ ಏಳಲಾರದೆ ಬಿದ್ದಾಗ ಅದರೊಳಗಿನ ಸಿಸ್ಟಮ್ಮನ್ನು ನಂಬದೆ, ಹೊರಗಿನಿಂದ ಎಬ್ಬಿಸುವುದಕ್ಕೆಂದೇ ಮಾಡಿಟ್ಟುಕೊಂಡದ್ದು. ಚುಚ್ಚಲು ಹೋದರೆ ಒಳಗೆ ಕೂರಲಿಲ್ಲ. ತೂತಿನ ತುಂಬಾ ಕುಂಕುಮ! ನಾನು ಸೆರಗಿನ ತುದಿ ಹುರಿಮಾಡಿ ಒರೆಸಿ, ಉಫ್ ಎಂದು ಊದಿ ಮುಖವೆಲ್ಲ ಕೆಂಪು ಮಾಡಿಕೊಂಡೆ. ಆಮೇಲೆ ಕೂತಿತು, ಆದರೆ ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಹೊಸಾ ಮೆಷಿನ್ನು. ಇದು ಹಳೇ ಡಬ್ಬಗಳಿಗೆ ಮಾಡಿದ್ದು, ಒಪ್ಪಲ್ಲ,” ಅಂದರು. “ಹೊಸದೊಂದು ಮಾಡ್ಬೇಕು.”

“ಇದನ್ನ ಹಿಂದೂಪುರದಾಗೇ ಯೋಚ್ನೆ ಮಾಡಕ್ಕೆ ಏನಾಗಿತ್ತು?” ಅಂತ ನಾನು ಕೇಳಿದೆ. ಅವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಬಿಸಿಲಲ್ಲಿ ನಡೆದು ಓಬುಳೇಶನ ಜೆರಾಕ್ಸ್ ಅಂಗಡಿಗೆ ಹೋದೆವು. ಮೀನಾಳ ಗುರುತಿನವನು, ಕಂಪ್ಯೂಟರ್ ಬಿಟ್ಟುಕೊಟ್ಟ. ಹೊಸ ಪೆನ್ ಡ್ರೈವ್ ಕೊಂಡು ಹಾಕಿ, ಸಿಸ್ಟಮ್ಮಿನ ದೊಡ್ಡ ಫೈಲ್ ಡೌನ್‌ಲೋಡಿಗೆ ಇಟ್ಟೆವು. ನೂರಕ್ಕೆ ಹನ್ನೆರಡು, ಹನ್ನೆರಡೂವರೆ. ಎಂಬತ್ತಕ್ಕೆ ಬಂದಾಗ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಮೊದಲಿಂದ. ಸ್ಟೂಲಿನ ಮೇಲೆ ಕೂತ ನಮ್ಮವರ ಕಾಲು ಊದಿಕೊಂಡಿತ್ತು. ಚಿತ್ರಾನ್ನ ತಿನ್ನಿಸಿ, ಮಾತ್ರೆ ನುಂಗಿಸಿದೆ. ಇಪ್ಪತ್ತಾರು ವರ್ಷ ಇದೇ ಕಾಯುವುದು, ಈ ಗೆರೆ ಎಡದಿಂದ ಬಲಕ್ಕೆ ತೆವಳುವುದನ್ನು ನೋಡುತ್ತಾ ನಮ್ಮ ಆಯಸ್ಸೇ ತೆವಳಿಹೋಯಿತು. ಬೇಜಾರಾಗಿ ಅಳು ಬಂತು, ಅತ್ತೂಬಿಟ್ಟೆ. ಅವರು ನೋಡಲಿಲ್ಲ, ಕಾಣಿಸಿದ್ದರೆ ತಾನೆ.

ಕಡೆಗೂ ಫೈಲ್ ಇಳಿಯಿತು. ಅದನ್ನು ಪೆನ್ ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಯಂತ್ರ ಏಳುವುದಿಲ್ಲ, ಅದಕ್ಕೆಂದೇ ಇರುವ ಸಾಫ್ಟ್‌ವೇರಿನಿಂದ ಬರೆಯಬೇಕು. ಯಾವ ಡ್ರೈವಿಗೆ ಬರೆಯಲಿ ಎಂದು ಅದು ಕೇಳಿತು. ಮೊದಲ ಹೆಸರಿನ ಮೇಲೆ ಒತ್ತಿ, ‘ಸ್ಟಾರ್ಟ್’ ಒತ್ತಲು ಹೋದೆ.

“ತಡಿ ಪದ್ಮಾ. ಎಷ್ಟು ಜಿಬಿ ಅಂತೈತೆ, ಓದು.”

“ಅದೇ ಕಣ್ರೀ, ನಮ್ದೇ.”

“ಓದೇ.”

ಓದಿದೆ. ಅರವತ್ತನಾಲ್ಕು. ನಮ್ಮದು ಹದಿನಾರು. ಅರವತ್ತನಾಲ್ಕು ಅಲ್ಲೇ ಚುಚ್ಚಿಟ್ಟಿದ್ದ ಓಬುಳೇಶನ ಡ್ರೈವು, ಊರವರ ಅರ್ಜಿ, ಪಹಣಿ, ಫೋಟೊ ಎಲ್ಲಾ ಅದರಲ್ಲೇ. ಒತ್ತಿದ್ದರೆ ಅಷ್ಟೂ ಅಳಿಸಿಹೋಗುತ್ತಿತ್ತು. ಕಣ್ಣಿದ್ದವಳು ನಾನು, ಕಂಡದ್ದು ಅವರಿಗೆ. ಬಾಯಿ ಮುಚ್ಚಿಕೊಂಡು ಹದಿನಾರರ ಮೇಲೆ ಒತ್ತಿದೆ.

ಮೀನಾಳ ಮನೆಗೆ ಬಂದು ಹೊಸ ಪೆನ್ ಡ್ರೈವ್ ಚುಚ್ಚಿ ಯಂತ್ರ ಹಾಕಿದಾಗ ಸ್ಕ್ರೀನ್ ಬೆಳಗಿತು. ರಿಪೇರಿ ಮಾಡಲೇ ಎಂದು ಅದೇ ಕೇಳಿತು. ಮೀನಾ ಹೂಂ ಅನ್ನುವಷ್ಟರಲ್ಲಿ ನಮ್ಮವರು ತಡೆದರು. “ಮೊದ್ಲು ಸಾಮಾನು ಹೊರಗೆ, ಆಮೇಲೆ ಮನೆ ರಿಪೇರಿ.” ನಾನು ಓದುತ್ತಾ ಹೋದೆ, ಅವರು ಹೇಳುತ್ತಾ ಹೋದರು. ಕಡಲೆಬಳ್ಳಿಯ ಹದಿನಾಲ್ಕು ಫೈಲೂ ಬೇರೆ ಡ್ರೈವಿಗೆ ಬಂದವು. ಆಮೇಲೆ ರಿಪೇರಿಗೆ ಬಿಟ್ಟೆವು. ಒಂದು ಸಲ ಆಗಲಿಲ್ಲ, ಎರಡನೇ ಸಲವೂ ಆಗಲಿಲ್ಲ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಕಿತ್ತುಹಾಕಿ ಮೂರನೇ ಸಲ ಮಾಡಿದಾಗ ಎದ್ದಿತು.

ಮೀನಾ ಡಿಸೈನ್ ತೆರೆದಳು. ಸ್ಕ್ರೀನಿನ ಅಗಲಕ್ಕೂ ಬಳ್ಳಿ ಹಬ್ಬಿತ್ತು. ಮಲ್ಲಿಕಾರ್ಜುನಪ್ಪನವರು ಎದ್ದು ಬಂದರು. ಮುಟ್ಟಿದರೆ ಎಲ್ಲಿ ಹೋಗುತ್ತದೋ ಎಂದು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಬಗ್ಗಿ, ತುಟಿಯಲ್ಲೇ ಚೌಕ ಎಣಿಸಿದರು. ತುಂಬಾ ಹೊತ್ತು ಎಣಿಸಿದರು.

“ಈ ಎಲೆ ತಾವ ಒಂದು ಚೌಕ ಜಾಸ್ತಿ ಐತೆ. ತಪ್ಪು,” ಅಂದರು.

ಈ ಮುದುಕರಿಗೆ ಇನ್ನೂ ಕೊಂಕು ಹುಡುಕುವ ಆಸೆಯೇ ಎಂದು ನನಗೆ ಸಿಟ್ಟು ಬಂತು. ಮೀನಾ ಸ್ಕ್ರೀನನ್ನೇ ನೋಡುತ್ತಾ ಹೇಳಿದಳು, “ನಿನ್ ಕಾಗ್ದದಾಗೂ ಹಂಗೇ ಇತ್ತಪ್ಪ. ನೀನು ಬರ್ದಂಗೇ ಬರ್ದೆ. ತಿದ್ದಕ್ಕೆ ಮನಸ್ಸು ಬರ್ಲಿಲ್ಲ.”

ಮುದುಕರು ಹಿಂದೆ ಕಟ್ಟಿದ್ದ ಕೈ ಬಿಚ್ಚಿದರು. “ಎರಡೂ ನನ್ ತಪ್ಪೇ ಕಣಮ್ಮ. ಇದೂನೂ, ಮೊನ್ನೆ ಪ್ಲಗ್ ಕಿತ್ತಿದ್ದೂನೂ.”

ನಮ್ಮವರು ತಿರುಗಿ ಕೂತು, ಸುತ್ತಿಟ್ಟಿದ್ದ ವೈರನ್ನೇ ಬಿಚ್ಚಿ ಮತ್ತೆ ಸುತ್ತತೊಡಗಿದರು. ಕಡೇ ಬಸ್ಸಿನ ಹೊತ್ತಾಗುತ್ತಿತ್ತು, ಏಳಿ ಎಂದು ಅವರ ಭುಜ ಮುಟ್ಟಿದೆ. ಒಂದು ನಿಮಿಷ ಇರು ಎಂದು ಕೈಸನ್ನೆ ಮಾಡಿದರು.

ಮೀನಾ ಎದ್ದು ಹಜಾರಕ್ಕೆ ಹೋದಳು. ತಣ್ಣಗಾಗಿದ್ದ ಮುದ್ದೆಯ ತಟ್ಟೆ ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು, “ಬಿಸಿದು ಹಾಕ್ತೀನಿ, ಕೈ ತೊಳ್ಕೊ ಬಾರಪ್ಪ,” ಅಂದಳು.